ಮೊದಲ ಸಾಲಿನ ಕುರ್ಚಿ

ಡೆಮೆಟ್ರಿಯಸ್,

ಇದನ್ನು ನಿನಗೆ ಕಳಿಸಲು ನನಗೆ ಮುಖವಿಲ್ಲ. ಇವತ್ತು ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ತಮ್ಮನನ್ನು ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಸೇರಲು ಒಪ್ಪಿಸಬೇಕಿತ್ತು. ಅಸಿಸ್ಟೆಂಟ್ ಕೋಚ್‌ನ ಕೆಲಸವೇ ಅದು.

ನಿಮ್ಮಜ್ಜಿ ಪೀಚ್ ಹಣ್ಣಿನ ಬಿಸಿ ಸಿಹಿ ಕಾಬ್ಲರ್ ಬಡಿಸಿದರು. "ಏನಪ್ಪಾ ಕೋಚ್, ದೊಡ್ಡವನನ್ನ ಕರೆಯೋಕೆ ಕೆಂಪು ಅಂಗೀಲಿ ಬಂದಿದ್ದೆ. ಈಗ ನೀಲಿನಾ?"

ನಕ್ಕುಬಿಟ್ಟೆ. ನೀನು ಸೇರಿದ ವರ್ಷವೇ ನಾನು ಆ ಕೆಂಪು ಅಂಗಿಯ ಕಾಲೇಜು ಬಿಟ್ಟಿದ್ದೆ.

"ನಾಲ್ಕು ವರ್ಷ ಇವನು ನನ್ನ ಮಗ," ಎಂದು ಶುರುಮಾಡಿದೆ.

ಅಂದು ನಿನಗೂ ಹೇಳಿದ್ದ ಆ ಮಾತಿನ ಉಳಿದಿದ್ದನ್ನು ಅಜ್ಜಿಯೇ ಹೇಳಿದರು: "ಡಿಗ್ರಿ ತಗೊಳ್ಳೋ ದಿನ ಮೊದಲನೇ ಸಾಲಲ್ಲಿ ಕೂತಿರ್ತೀನಿ. ಅಷ್ಟೇ ತಾನೆ? ದೊಡ್ಡವನು ಅವತ್ತು ನಿನಗೇ ಅಂತ ಕುರ್ಚಿ ಹಿಡಿದಿಟ್ಟಿದ್ದ. ಕೊನೇವರೆಗೂ ಅದರ ಮೇಲೆ ನನ್ನ ಪರ್ಸೇ ಕೂತಿತ್ತು."

ನಿನ್ನ ತಮ್ಮ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ. ನಾನು ಇನ್ನೊಮ್ಮೆ ಕಾಬ್ಲರ್ ಹಾಕಿಸಿಕೊಂಡು ತಿಂದು ಎದ್ದು ಬಂದೆ. ಸೋಮವಾರ ಬೇರೆ ಕಾಲೇಜಿಗೆ ಸೇರುತ್ತಿದ್ದೇನೆಂದು ಹೇಳಲಿಲ್ಲ. ಅಲ್ಲಿ ಅಂಗಿ ಹಸಿರು.