ಬಾಣಂತಿಗೆ ಬಟ್ಟಲು ನೀರು

ಮೊರಬ
೯ ಜನವರಿ ೨೦೨೫

ಮಗಳು ಶಾಂಭವಿಗೆ ನಿನ್ನ ಅಪ್ಪನ ಆಶೀರ್ವಾದ.

ನೀ ಹೆಂಗಿದ್ದಿ, ಊಟ ಸೇರತೈತೇನು? ಅಳಿಯ ಗೌರೀಶನ ಕೆಮ್ಮು ಇಳೀತೇನು? ನಿಮ್ಮತ್ತಿ ಗುರವ್ವನವರ ಮೊಣಕಾಲು? ಇಲ್ಲಿ ನಿನ್ನ ಅಕ್ಕ ನಂದಾ ಆರಾಮ ಆಗ್ಯಾಳ. ರೊಟ್ಟಿ ದಪ್ಪ ಆತು ಅಂತ ನಿನ್ನ ಅವ್ವಗ ಬೈಯುವಷ್ಟು ಆರಾಮ. ಕೂಸು ಹಾಲು ಕುಡೀತೈತಿ, ಮಲಗತೈತಿ, ನನ್ನ ಧೋತರ ತೋಯಿಸತೈತಿ. ಮೂರೂ ಕೆಲಸ ಅಗದಿ ಚೊಕ್ಕ.

ಹೆರಿಗೆಗೆ ತವರಿಗೆ ಬರೂದಿಲ್ಲ ಅಂದೆಯಂತ. ಫೋನಿನ್ಯಾಗ ನಿನಗ ಅರ್ಧಾ ಸುದ್ದಿ ಮುಟ್ಟೇತಿ, ಪೂರಾ ಕೇಳು. ದಸರಾ ಮುಗಿದ ಮ್ಯಾಲ ನಂದಾ ಹಡೆದಳಲ್ಲ, ವಾರ ತುಂಬೂದ್ರಾಗ ತಲಿ ಹಿಡಕೊಂಡು ಕೂತಳು. ಗಾಳಿ ಹೊಕ್ಕೈತಿ ಅಂತ ನಿನ್ನ ಅವ್ವ ಆಕಿ ತಲಿಗೆ ಇನ್ನೊಂದು ಕುಲಾಯಿ ಕಟ್ಟಿ, ಹೊರಸಿನ ಬುಡಕ ಕೆಂಡ ಹೆಚ್ಚು ಮಾಡಿದಳು. ಮರುದಿನ ನಂದಾ ಕಣ್ಣು ಮಂಜು ಅಂದಳು. ಆಕಿ ಗಂಡ ಪ್ರಭು ಯಾರನ್ನೂ ಕೇಳಲಿಲ್ಲ, ಗಾಡಿ ತಂದು ಹುಬ್ಬಳ್ಳಿ ದವಾಖಾನಿಗೆ ಒಯ್ದ. ಡಾಕ್ಟರಮ್ಮ ಮೆದುಳಿನ ರಕ್ತನಾಳದ ಎಂಆರ್‌ಐ ಮಾಡಿಸ್ರಿ ಅಂದರು. ಆ ಮಷೀನಿನ್ಯಾಗ ಮೈಮ್ಯಾಲ ಲೋಹ ಇರಬಾರದಂತ; ಬಾತ ಬೆರಳಿನಿಂದ ಕಾಲುಂಗುರ ಬರವಲ್ಲವು, ನಿನ್ನ ಅವ್ವ ಸೋಪು ಹಚ್ಚಿ ಜಗ್ಗಿದಳು. ಮಷೀನಂತೂ ರಾಶಿ ಮಾಡೂ ಮಷೀನಿನಂಗ ಧಡಧಡ! ಗ್ವಾಡಿ ಆಚೆ ಕೂತ ನನಗ ಕೇಳತಿತ್ತು.

ಆಮ್ಯಾಲೆ ಚಿತ್ರ ತೋರಿಸಿದರು. ಮೆದುಳಿನಿಂದ ರಕ್ತ ಕೆಳಗಿಳಿಯೂ ನಾಳಗಳು ಕರೀ ಹೊಲದಾಗಿನ ಕಾಲುವಿಯಂಗ ಬೆಳ್ಳಗ ಕಾಣತಿದ್ದವು. ಒಂದು ಕಡೆ ಕಾಲುವಿನೇ ಇಲ್ಲ, ರಕ್ತ ಹೆಪ್ಪುಗಟ್ಟಿ ಮುಚ್ಚಿತ್ತು. “ನೀರು ಎಷ್ಟು ಕುಡಿಸ್ತೀರಿ?” ಅಂತ ಡಾಕ್ಟರಮ್ಮ ಕೇಳಿದರು. ನಿನ್ನ ಅವ್ವ ಎದಿ ಸೆಟಿಸಿ, “ಅಗದಿ ಪಥ್ಯರಿ! ದಿನಕ್ಕ ಒಂದು ಬಟ್ಟಲದ ಮ್ಯಾಲ ಹನಿ ಕೊಟ್ಟಿಲ್ರಿ” ಅಂದಳು. ಶಾಭಾಸ್ ಅಂತಾರ ಅಂತ ತಿಳಿದಿದ್ದಳು, ಪಾಪ. ಡಾಕ್ಟರಮ್ಮ ಬೈಯಲಿಲ್ಲ. ಬಾಣಂತಿ ರಕ್ತ ಮೊದಲೇ ಲಗೂ ಹೆಪ್ಪುಗಟ್ಟೂವಂಥಾದ್ದು, ನೀರು ಕಡಿಮಿ ಆದರ ಇನ್ನೂ ಕಷ್ಟ ಅಂದರು. ಔಷಧ ನಡೆದಾವ. ಹ್ವಾದ ವಾರ ಮತ್ತ ತೆಗೆದ ಚಿತ್ರದಾಗ ಆ ಕಾಲುವಿ ಕಂಡಿತು! ಪ್ರಭು ಪೇಢೆ ತಂದು, ಮಷೀನು ನಡೆಸೂ ಸಾಧಿಕ್‌ನ ಬಾಯಾಗೂ ತುರುಕಿದ.

ಮನಿಮಂದಿಗೆಲ್ಲ ನನ್ನ ಶರಣು ಹೇಳು, ಹೊಟ್ಟಿಯೊಳಗಿನ ಕೂಸಿಗೂ.

ನಿನ್ನ ಅಪ್ಪ,
ಈರಬಸಪ್ಪ

ತಾ.ಕ.: ನಾ ಇದನ್ನ ಬರದದ್ದು ನಿನ್ನ ಅವ್ವಗ ಗೊತ್ತಿಲ್ಲ. ಊರಾಗ ಯಾರ ಮನ್ಯಾಗ ಬಾಣಂತಿ ಇದ್ದರೂ ಈಗ ಆಕಿ ತಾನಾಗೇ ಹೋಗಿ ನೀರು ಕುಡಿಸಿ ಬರ್ತಾಳ. “ಕಸ್ತೂರೆವ್ವ ಬಂದಳು, ಬಾಗಿಲಾ ಹಾಕ್ರಿ” ಅಂತಾಳ ದುರಗವ್ವನ ಬಾಣಂತಿ ಸೊಸಿ. ಆದರ ನಿನಗ ಬಾ ಅನ್ನಾಕ ಆಕಿಗೆ ಬಾಯಿ ಬರವಲ್ದು. “ಯಾವ ಮುಖ ಇಟಗೊಂಡು ಕರೀಲಿ?” ಅಂತಾಳ. ಬರ್ತೀನಿ ಅಂತ ನೀನಾಗೇ ಒಂದು ಸಾಲು ಬರಿ. ನನ್ನ ಹೆಸರಿಗೆ ಬ್ಯಾಡ, ಆಕಿ ಹೆಸರಿಗೆ ಬರಿ. ಲಗೂ ಬರಿ, ಮಗಳ.