ಹಿತ್ತಲ ಡಬ್ಬಿಯ ನೀರು

ಅತ್ತೆ,

ನಮ್ಮ ಸೊಳ್ಳೆ ತಪಾಸಣೆ ತಂಡವನ್ನ ಜ್ವರ ಜಾಸ್ತಿಯಾಗಿರೋ ಬಡಾವಣೆಗೆ ಹಾಕಿದ್ದಾರೆ. ಎಂಟು ದಿನ ಅಲ್ಲೇ ಇರಬೇಕು. ನೀವು ಮಲಗಿದ್ರಿ, ಎಬ್ಬಿಸಲಿಲ್ಲ.

ಬಿಪಿ ಮಾತ್ರೆ ಫ್ರಿಜ್ ಮೇಲಿದೆ. ತಗೊಂಡೆ ಅಂತ ಫೋನಲ್ಲಿ ಸುಳ್ಳು ಹೇಳಬೇಡಿ, ಬಂದು ಎಣಿಸ್ತೀನಿ. ಡ್ರಮ್ಮಿನ ಬಾಯಿಗೆ ಕಟ್ಟಿರೋ ಬಟ್ಟೆ ಬಿಚ್ಚಿದ್ರೆ ಮತ್ತೆ ಕಟ್ಟಿ.

ನನ್ನ ಮಗಳು, ನಮ್ಮ ಚಿನಕುರುಳಿ, ಹಕ್ಕಿಗಳಿಗೆ ಅಂತ ಹಿತ್ತಲಲ್ಲಿ ಇಟ್ಟಿದ್ದ ಡಬ್ಬಿಗೆ ನೀವು ಈಗಲೂ ನೀರು ತುಂಬಿಸ್ತೀರಿ. ಬೆಳಗಾದ್ರೆ ಖಾಲಿ. ಮೊಮ್ಮಗಳೇ ಬಂದು ಕುಡಿದು ಹೋಗ್ತಾಳೆ ಅಂತೀರಿ. ಅವಳು ಬರೋದಿಲ್ಲ ಅತ್ತೆ. ಎರಡು ವರ್ಷದಿಂದ, ನೀವು ಏಳೋ ಮುಂಚೆ, ಆ ನೀರು ಚೆಲ್ಲೋಳು ನಾನು. ಈ ಎಂಟು ದಿನ ಅದು ತಾನಾಗೇ ಖಾಲಿಯಾಗಲ್ಲ. ನೀವೇ ಚೆಲ್ಲಿ, ಡಬ್ಬಿ ತಿಕ್ಕಿ ಬೋರಲು ಹಾಕಿ.

ಗೇಟಿನ ಪಕ್ಕದ ಮೀಟರ್ ಪೆಟ್ಟಿಗೆ ಮುಚ್ಚಳ ತೆಗೆದು ನೋಡಿ. ಈ ಮನೆ ತಪಾಸಣೆಯಾಯ್ತು ಅಂತ ನಾನು ಸೀಮೆಸುಣ್ಣದಲ್ಲಿ ಬರೆದ ತಾರೀಖು ಇನ್ನೂ ಇದೆ. ಅವಳಿಗೆ ಜ್ವರ ಬರೋಕೆ ಹದಿನೈದು ದಿನ ಮುಂಚಿನದು. ಅವತ್ತು ಬೀದಿಯ ಮನೆಮನೆಗೂ ಹೋಗಿ ಟಾರ್ಚ್ ಬಿಟ್ಟು ನೋಡಿದ್ದೆ. ನಮ್ಮನೆ ತಾನೇ ಅಂತ ಇಲ್ಲಿ ಮಾತ್ರ ಒಳಗೆ ಬರದೆ ತಾರೀಖು ಹಾಕಿ ಹೋದೆ. ಅವಳನ್ನ ಮಣ್ಣು ಮಾಡಿ ಬಂದ ಸಂಜೆ ಹಿತ್ತಲಿಗೆ ಹೋದ್ರೆ, ಡಬ್ಬಿ ತುಂಬಾ ಸೊಳ್ಳೆಮರಿ ಕುಣೀತಿದ್ವು. ಚೆಲ್ಲಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಪಕ್ಕದ ಮನೆಯವರ ತೊಟ್ಟಿಯಿಂದಲೇ ಆಯ್ತು ಅಂತ ಅವರ ಹತ್ರ ಮಾತು ಬಿಟ್ಟಿದ್ದೀರಿ. ಆ ತೊಟ್ಟೀಲಿ ಅವತ್ತು ಒಂದು ಹುಳಾನೂ ಇರಲಿಲ್ಲ. ಇವತ್ತೇ ಹೋಗಿ ಅವರನ್ನ ಮಾತಾಡಿಸಿ.

ನಾನು ಬಂದ ಮೇಲೆ ನನ್ನನ್ನ ಮಾತಾಡಿಸದಿದ್ರೂ ಸರಿ.