ಸಾಕ್ಷಿಗೆ ಕೊಟ್ಟ ಕುರ್ಚಿ

ಅಪ್ಪ,

ಇವತ್ತಿನ ಪಾಟೀಸವಾಲಿನಲ್ಲಿ ನಾನು ಗೆದ್ದೆ. ನೀವು ಬದುಕಿದ್ದಿದ್ದರೆ ಕೋರ್ಟಿನಿಂದ ಮನೆ ಮುಟ್ಟುವವರೆಗೂ ಅದನ್ನೇ ಹೇಳಿ ಹೇಳಿ ಸಂತೋಷಪಡುತ್ತಿದ್ದಿರಿ.

ನನ್ನ ಕಕ್ಷಿದಾರನ ಮೇಲಿರುವುದು ಹೆಂಡತಿಯನ್ನು ಹೊಡೆದು ಕೊಂದ ಆರೋಪ. ಸಾಕ್ಷಿಕಟ್ಟೆಯಲ್ಲಿ ಸತ್ತವಳ ತಾಯಿ ಇದ್ದರು. ಗಂಡ ಹೊಡೆಯುತ್ತಾನೆಂದು ಮಗಳು ಫೋನಿನಲ್ಲಿ ಅಳುತ್ತಿದ್ದಳು ಎಂಬ ಅವರ ಮಾತಿನ ಮೇಲೆಯೇ ಇಡೀ ಕೇಸು ನಿಂತಿತ್ತು. ನೀವು ಕಲಿಸಿದಂತೆ ನಾನು ದನಿ ಏರಿಸಲಿಲ್ಲ. ಕುರ್ಚಿ ಹಾಕಿಸಿದೆ, ನೀರು ಕೊಡಿಸಿದೆ.

"ಮಗಳು ಚಿಕ್ಕವಳಿದ್ದಾಗ ತುಂಬಾ ತುಂಟಿನಾ ಅಮ್ಮ?"

ಅವರ ಮುಖ ಅರಳಿತು. "ಅಯ್ಯೋ, ಕೇಳ್ಬೇಡಿ! ಅಣ್ಣ ಮುಟ್ಟದೇ ಇದ್ರೂ ಹೊಡೆದ ಅಂತ ಬೀದಿಗೆಲ್ಲ ಕೇಳೋ ಹಾಗೆ ಅಳ್ತಿದ್ದಳು. ಪಾಪ, ಅವನಿಗೆ ಬೈಗುಳ ತಪ್ತಾನೇ ಇರ್ಲಿಲ್ಲ. ಕಳ್ಳಿ!"

ನಾನೂ ನಕ್ಕೆ. ನ್ಯಾಯಾಧೀಶರು ನಗದೆ, ಅದನ್ನು ಆ ತಾಯಿಯ ಹೇಳಿಕೆಯಾಗಿ ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದರು: 'ಹೊಡೆದರೆಂದು ಸುಳ್ಳು ಹೇಳಿ ಅಳುವ ಅಭ್ಯಾಸ ನನ್ನ ಮಗಳಿಗಿತ್ತು ಎಂದರೆ ಸರಿ.' 'ಕಳ್ಳಿ' ಎಂದಾಗ ಆ ದನಿಯಲ್ಲಿದ್ದ ಮುದ್ದು ಬರವಣಿಗೆಗೆ ಇಳಿಯುವಂಥದ್ದಲ್ಲ. ಬೇರೆ ಪ್ರಶ್ನೆ ಇಲ್ಲವೆಂದು ಹೇಳಿ ನಾನು ಕೂತೆ.

ಆಮೇಲೆ ಹೊರಗೆ ಆ ತಾಯಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಎಲ್ಲರೂ ಅವಳು ಸತ್ತಿದ್ದನ್ನೇ ಕೇಳಿದ್ರು. ಅವಳು ಹೇಗಿದ್ದಳು ಅಂತ ಕೇಳಿದ್ದು ನೀವೊಬ್ಬರೇ ತಾಯಿ. ನಿಮ್ಮನ್ನ ಬೆಳೆಸಿದವರು ಪುಣ್ಯವಂತರು."

ಆ ಮಾತು ನಿಮಗೆ ಸೇರಬೇಕಾದದ್ದು. ಅದಕ್ಕೇ ಬರೆದೆ.